ಗೋಡೆ ಮೇಲಿನ ಪೆನ್ಸಿಲ್ ಗೆರೆ

ನಮ್ಮ ಬೀದಿಗೆ ಅಲಾರಂ ಬೇಕಿಲ್ಲ. ಬೆಳಿಗ್ಗೆ ಐದೂಕಾಲಿಗೆ ಫಸ್ಟ್ ಶಿಫ್ಟ್‌ನ ಕಂಪನಿ ಬಸ್ಸು ಬೈರಮಂಗಲ ರಸ್ತೆಯ ತಿರುವಿನಲ್ಲಿ ಎರಡು ಸಲ ಹಾರನ್ ಹೊಡೆಯುತ್ತದೆ. ಊಟದ ಡಬ್ಬಿ ಹಿಡಿದು ಓಡುವವರ ಸೇಫ್ಟಿ ಶೂಗಳ ಸದ್ದು ಕೇಳಿಸುತ್ತದೆ. ಇನ್ನೊಂದು ಗಂಟೆ ಕಳೆದರೆ ನೈಟ್ ಶಿಫ್ಟ್ ಮುಗಿಸಿದವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಇಳಿಯುತ್ತಾರೆ. ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತಿರುವ ನಮ್ಮ ಬೀದಿಯಲ್ಲಿ ಬಾಡಿಗೆಯ ಸಾಲು ಮನೆಗಳೇ ಹೆಚ್ಚು. ಕನಕಪುರ, ಮಾಗಡಿ ಕಡೆಯವರು, ರಾಯಚೂರು, ಕಲಬುರಗಿಯವರು, ಒಡಿಶಾ, ಬಿಹಾರದವರು, ಎಲ್ಲರೂ ಒಂದಲ್ಲ ಒಂದು ಪಾಳಿಯವರು. ಹಗಲು ಹೊತ್ತು ಮನೆ ಮುಂದೆ ಸುಮ್ಮನೆ ಕೂತ ಗಂಡಸು ಅಂದರೆ ಒಂದೋ ವಯಸ್ಸಾದವರು, ಇಲ್ಲವೇ ಕೆಲಸ ಕಳೆದುಕೊಂಡವರು. 2024ರ ಮಾರ್ಚ್‌ನಿಂದ ಅವರ ಸಾಲಿಗೆ ಇನ್ನೊಬ್ಬ ಸೇರಿಕೊಂಡ. ಅದು ನಾನು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಫೆಬ್ರುವರಿಯಲ್ಲಿ ಕಾಲೇಜಿನಲ್ಲಿ ಡಿಪಾರ್ಟ್‌ಮೆಂಟ್‌ಗಳ ನಡುವೆ ಕಬಡ್ಡಿ ಇತ್ತು. ಸೆಮಿಫೈನಲ್‌ನಲ್ಲಿ ರೈಡ್ ಹೋದವನು ಬೋನಸ್ ಗೆರೆ ಮುಟ್ಟಿ ತಿರುಗುವಷ್ಟರಲ್ಲಿ ಸಿವಿಲ್‌ನವರು ಮೂವರು ಹಿಡಿದರು. ನಾನು ಬಲಗೈ ಊರಿ ಬಿದ್ದೆ, ಅವರು ನನ್ನ ಮೇಲೆ ಬಿದ್ದರು. ಹಳೇ ಬಟ್ಟೆ ಹರಿದಂಥ ಸದ್ದೊಂದು ಭುಜದ ಒಳಗಿಂದ ಕೇಳಿಸಿತು. ಎದ್ದು ನಿಂತಾಗ ಕೈ ಇತ್ತು, ಆದರೆ ಎತ್ತು ಅಂದರೆ ಏಳಲಿಲ್ಲ. ಪಾಯಿಂಟ್ ಮಾತ್ರ ಬಂದಿತ್ತು. ಸ್ನೇಹಿತರು ಇವತ್ತಿಗೂ ಅದನ್ನೇ ಹೇಳಿ ಸಮಾಧಾನ ಮಾಡುತ್ತಾರೆ.

ಒಂದು ವಾರ ಬಿಸಿ ಎಣ್ಣೆ, ಇನ್ನೊಂದು ವಾರ ನೋವಿನ ಮಾತ್ರೆ. ಆಮೇಲೆ ಸ್ಕ್ಯಾನ್ ಆಯಿತು. ಭುಜದ ಸ್ನಾಯು ಮೂಳೆಯಿಂದ ಕಿತ್ತು ಬಂದಿದೆ, ಹೊಲಿಯಬೇಕು ಅಂದರು. ಆಗ ಅಪ್ಪ ಪರ್ಸ್‌ನಿಂದ ಅಂಚು ಸವೆದ ಇಎಸ್‌ಐ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟರು. ಆ ಕಾರ್ಡ್ ಅಷ್ಟು ವರ್ಷದಿಂದ ಅವರ ಬಳಿ ಇತ್ತು. ತಮಗಾಗಿ ಒಂದು ದಿನವೂ ಅದನ್ನು ಅವರು ಹೊರತೆಗೆದಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ.

ತಟ್ಟೆ ಮೇಲೆ ಕಿತ್ತಳೆ ಹಣ್ಣು

ಮಾರ್ಚ್ ಮೂರನೇ ವಾರ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಏನು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಿದ್ದೆ. ಮೆಕ್ಯಾನಿಕಲ್ ಹುಡುಗ ಎಂದು ಗೊತ್ತಾದ ಮೇಲೆ ಅವರಿಗೆ ವಿವರಿಸುವುದು ಖುಷಿಯಾಯಿತು.

ಸೊಂಟದ ಕೀಲು ಬಟ್ಟಲೊಳಗೆ ಚೆಂಡು ಕೂತ ಹಾಗೆ, ಆಳವಾಗಿ ಕೂತಿರುತ್ತದೆ. ಭುಜ ಹಾಗಲ್ಲ. ನಮ್ಮ ಬಿಡದಿಯ ತಟ್ಟೆ ಇಡ್ಲಿ ಬೇಯಿಸುತ್ತಾರಲ್ಲ, ಅಂಥ ಆಳವಿಲ್ಲದ ತಟ್ಟೆಯ ಮೇಲೆ ಕಿತ್ತಳೆ ಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆದರೆ ಆ ಹಣ್ಣು ಉರುಳಿಹೋಗದಂತೆ ಹಿಡಿದುಕೊಂಡಿರುವುದು ಸುತ್ತಲಿನ ನಾಲ್ಕು ಸ್ನಾಯುಗಳು. ಅವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ನನ್ನಲ್ಲಿ ಹರಿದದ್ದು ಅವುಗಳಲ್ಲಿ ಮೇಲಿನದು, ಸುಪ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತಲು ಶುರು ಮಾಡುವುದು ಅದೇ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ತೂರಿಸಿ, ಮೂಳೆಗೆ ಪುಟ್ಟ ಆ್ಯಂಕರ್ ಕೂರಿಸಿ, ಅದರ ದಾರದಿಂದ ಸ್ನಾಯುವಿನ ತುದಿಯನ್ನು ಮೂಳೆಗೆ ಎಳೆದು ಕಟ್ಟುತ್ತಾರೆ.

‘ಅಂದರೆ ಗೋಡೆಗೆ ಆ್ಯಂಕರ್ ಬೋಲ್ಟ್ ಹಾಕಿದ ಹಾಗೆ. ಇನ್ನು ಲೋಡ್ ಹಾಕಬಹುದಲ್ಲ ಸರ್?’ ಅಂದೆ. ಅವರು ನಕ್ಕರು. ‘ದಾರ ಹಿಡಿದುಕೊಂಡಿರುತ್ತೆ ಅಷ್ಟೇ. ಅಂಟಬೇಕಾದದ್ದು ಮೈಯೇ. ಕಾಂಕ್ರೀಟ್ ಹಾಕಿದ ಮಾರನೇ ದಿನ ಸೆಂಟ್ರಿಂಗ್ ಬಿಚ್ಚುತ್ತೀರಾ?’ ಅಂದರು. ಅದು ಸಿವಿಲ್‌ನವರ ಉದಾಹರಣೆ. ನನ್ನ ಮೇಲೆ ಬಿದ್ದವರ ಡಿಪಾರ್ಟ್‌ಮೆಂಟಿನದು. ಆದರೂ ಅರ್ಥವಾಯಿತು. ಕಾಂಕ್ರೀಟಿಗೆ 28 ದಿನದ ಲೆಕ್ಕ. ಭುಜಕ್ಕೆ ಮೊದಲ ಆರು ವಾರ ಪಟ್ಟಿಯೊಳಗೆ, ಸ್ವಂತ ಬಲದಿಂದ ಎತ್ತುವ ಹಾಗೇ ಇಲ್ಲ. ಆಮೇಲೆ ನಿಧಾನವಾಗಿ ಕೈ ಆಡಿಸಬೇಕು. ಹನ್ನೆರಡು ವಾರದ ನಂತರ ಬಲ ತುಂಬುವ ವ್ಯಾಯಾಮ. ಭಾರ ಎತ್ತಲು ಆರು ತಿಂಗಳು. ಇದೆಲ್ಲ ಬರೆದಿದ್ದ ಹಾಳೆಯನ್ನು ಮಡಚಿ ಅಪ್ಪ ಕಾರ್ಡಿನ ಜೊತೆ ಪರ್ಸ್‌ನಲ್ಲಿಟ್ಟುಕೊಂಡರು.

ಎಡಗೈ ಮತ್ತು ಮುದ್ದೆ

ಆಸ್ಪತ್ರೆಯಲ್ಲಿ ನೋವಿಗೆ ಇಂಜೆಕ್ಷನ್ ಇರುತ್ತದೆ, ಕರೆದರೆ ಸಿಸ್ಟರ್ ಬರುತ್ತಾರೆ. ನಿಜವಾದ ಚಿಕಿತ್ಸೆ ಶುರುವಾಗುವುದು ಮನೆಗೆ ಬಂದ ಮೇಲೆ.

ಮೊದಲ ಹತ್ತು ರಾತ್ರಿ ಮಲಗಲಿಲ್ಲ, ಕೂತಿದ್ದೆ. ಮಟ್ಟಸವಾಗಿ ಮಲಗಿದರೆ ಭುಜ ಹಿಂದಕ್ಕೆ ಜಗ್ಗಿ ಜೀವ ಹೋಗುತ್ತಿತ್ತು. ಅಮ್ಮ ಗೋಡೆಗೆ ಮೂರು ದಿಂಬು, ಅದರ ಮುಂದೆ ಸುತ್ತಿದ ಕಂಬಳಿ, ಮೊಣಕೈ ಕೆಳಗೆ ಹಳೇ ಸೀರೆಯ ಮಡಿಕೆ ಇಟ್ಟು ಒಂದು ಆರಾಮ ಕುರ್ಚಿಯನ್ನೇ ಕಟ್ಟಿದಳು. ಐಸ್ ಪ್ಯಾಕ್ ಇಡಲು ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಮನೆಯ ಆಂಟಿಯ ಫ್ರಿಜ್‌ನಲ್ಲಿ ಅವರ ಹಸಿ ಬಟಾಣಿ ಪೊಟ್ಟಣದ ಪಕ್ಕ ನನ್ನ ಪ್ಯಾಕ್‌ಗೂ ಜಾಗ ಸಿಕ್ಕಿತು. ಟಿ-ಶರ್ಟ್‌ಗಳೆಲ್ಲ ಟ್ರಂಕ್ ಸೇರಿದವು. ತಲೆ ಮೇಲಿಂದ ಹಾಕುವ ಬಟ್ಟೆ ಸಾಧ್ಯವೇ ಇರಲಿಲ್ಲ. ಅಪ್ಪನ ಗುಂಡಿ ಅಂಗಿಗಳೇ ನನ್ನ ಯೂನಿಫಾರಂ ಆದವು. ಇಪ್ಪತ್ತು ವರ್ಷದವನಿಗೆ ತಾಯಿ ಬೆನ್ನು ತಿಕ್ಕಿ ಸ್ನಾನ ಮಾಡಿಸುವುದು ಹೇಗಿರುತ್ತದೆ ಎಂದು ಕೇಳಬೇಡಿ. ಮೊದಲ ದಿನ ನಾಚಿಕೆಯಾಯಿತು, ಎರಡನೇ ದಿನ ಸಿಟ್ಟು ಬಂತು. ನಾಲ್ಕನೇ ದಿನ ‘ಅಮ್ಮ, ಸ್ವಲ್ಪ ಎಡಗಡೆ’ ಅಂದೆ.

ದೊಡ್ಡ ಸಮಸ್ಯೆ ಊಟದ್ದು. ಕನಕಪುರದ ಹಳ್ಳಿಯಿಂದ ಅಜ್ಜಿ ನನ್ನನ್ನು ನೋಡಲು ಬಂದಿದ್ದಳು. ಎಡಗೈಯಲ್ಲಿ ಮುದ್ದೆ ಮುರಿಯಲು ಹೋದೆ. ‘ಅನ್ನ ದೇವ್ರು ಕಣೋ, ಎಡಗೈ ಹಾಕ್ಬ್ಯಾಡ’ ಎಂದು ತಟ್ಟೆ ಕಿತ್ತುಕೊಂಡಳು. ಸ್ಪೂನ್ ಕೊಟ್ಟು ನೋಡಿದರು. ಮುದ್ದೆಯನ್ನು ಸ್ಪೂನ್‌ನಲ್ಲಿ ತಿನ್ನುವುದು ಯಾವ ಎಂಜಿನಿಯರಿಂಗ್‌ನಿಂದಲೂ ಆಗದ ಕೆಲಸ. ಕೊನೆಗೆ ಅಜ್ಜಿಯೇ ಮುರಿದು, ಉಪ್ಸಾರಿನಲ್ಲಿ ಅದ್ದಿ, ಬಾಯಿಗಿಟ್ಟಳು. ಅವಳು ಊರಿಗೆ ಹೊರಟ ದಿನ ಅಮ್ಮನಿಗೆ ಗುಟ್ಟಾಗಿ, ‘ಹಸ್ದಾಗ ಎಡಗೈಲೇ ತಿನ್ಲಿ ಬುಡು, ದೇವ್ರಿಗೂ ಗೊತ್ತಾಯ್ತದೆ’ ಅಂದಳಂತೆ.

2024ರ ಬೇಸಿಗೆ ನೆನಪಿದೆಯಲ್ಲ? ಕೊಳವೆಬಾವಿಗಳು ಬತ್ತಿ, ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಜನ ಜಗಳಾಡಿದ ಬೇಸಿಗೆ. ನಮ್ಮ ಬೀದಿಗೂ ಟ್ಯಾಂಕರ್ ಬರುತ್ತಿತ್ತು. ಪ್ರತಿ ವರ್ಷ ನೀರು ಹಿಡಿಯುವುದು ನನ್ನ ಕೆಲಸ. ಈ ಸಲ ಅಮ್ಮ ಗಾರ್ಮೆಂಟ್ಸ್‌ನಿಂದ ಬಂದವಳೇ ಕೊಡ ಹಿಡಿದು ಓಡುತ್ತಿದ್ದಳು. ಪಿಯುಸಿ ಓದುವ ತಂಗಿ ಹಿಂದೆ ಬಕೆಟ್ ಎಳೆಯುತ್ತಿದ್ದಳು. ನಾನು ಬಾಗಿಲಲ್ಲಿ ಪಟ್ಟಿ ಕಟ್ಟಿಕೊಂಡು ರಾಜನ ಹಾಗೆ ಕೂತಿರುತ್ತಿದ್ದೆ. ಒಂದು ಸಂಜೆ ತಡೆಯಲಾರದೆ ಎಡಗೈಯಲ್ಲಿ ಒಂದು ಕೊಡ ಎತ್ತಿದೆ. ಕೊಡ ವಾಲಿತು, ಅದನ್ನು ಹಿಡಿಯಲು ಬಲಗೈ ತಾನಾಗಿ ಜಿಗಿಯಿತು. ಕಣ್ಣು ಕತ್ತಲೆ ಬಂದಂಥ ನೋವು. ಹೊಲಿಗೆ ಕಿತ್ತುಹೋಯಿತೇನೋ ಎಂದು ರಾತ್ರಿಯಿಡೀ ನಡುಗಿದೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅಮ್ಮ ಬೈಯಲಿಲ್ಲ. ‘ನಿನ್ನ ಕೆಲಸ ಈಗ ಸುಮ್ನೆ ಕೂರೋದು. ಅದನ್ನ ಸರಿಯಾಗಿ ಮಾಡು’ ಅಂದಳು.

ಏಪ್ರಿಲ್ 26ರಂದು ಲೋಕಸಭೆಗೆ ಮತದಾನ. ನನ್ನ ಮೊದಲ ಲೋಕಸಭಾ ಮತ. ಪಟ್ಟಿಯೊಳಗಿನ ಕೈ ನೋಡಿ ಮತಗಟ್ಟೆಯ ಮೇಡಂ ಪಾಪ ಅಂದರು. ‘ಪರವಾಗಿಲ್ಲ ಮೇಡಂ, ಶಾಯಿ ಹಾಕೋದು ಎಡಗೈಗೆ ತಾನೆ’ ಅಂದೆ. ಆರು ವಾರದಲ್ಲಿ ನಾನು ಹೆಮ್ಮೆಯಿಂದ ಮನೆ ಬಿಟ್ಟು ಹೊರಟ ದಿನ ಅದೊಂದೇ.

ಲೋಲಕ, ರಾಟೆ, ಗೋಡೆ

ಪಟ್ಟಿಯಲ್ಲಿದ್ದಾಗಲೂ ಮಾಡಬಹುದಾದ ವ್ಯಾಯಾಮ ಒಂದಿತ್ತು. ಟೇಬಲ್ಲಿಗೆ ಎಡಗೈ ಊರಿ, ಮುಂದಕ್ಕೆ ಬಗ್ಗಿ, ಬಲಗೈಯನ್ನು ಸತ್ತ ಹಾವಿನಂತೆ ಜೋತುಬಿಟ್ಟು, ಮೈಯನ್ನು ಮಾತ್ರ ತೂಗುವುದು. ಕೈ ಗಡಿಯಾರದ ಲೋಲಕದ ಹಾಗೆ ತಾನಾಗಿ ಆಡುತ್ತದೆ. ಹರಿದ ಸ್ನಾಯುವಿಗೆ ಕೆಲಸ ಕೊಡದೆ ಕೀಲು ಜಡ್ಡುಗಟ್ಟದಂತೆ ನೋಡಿಕೊಳ್ಳುವ ಉಪಾಯ. ಇದರ ಜೊತೆ ಬಾಸ್ಟನ್‌ನ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್‌ನ ಹೆಸರು ಸೇರಿಕೊಂಡಿದೆ. ಈ ಸ್ನಾಯು ಹೊಲಿದ ಬಗ್ಗೆ 1911ರಲ್ಲೇ ಬರೆದವರು ಅವರು. 1934ರಲ್ಲಿ ಭುಜದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಪ್ರಕಟಿಸಿದರು. ಪಿಯುಸಿಯಲ್ಲಿ ಲೋಲಕದ ಸೂತ್ರ ಬಾಯಿಪಾಠ ಮಾಡಿದ್ದೆ. ಅದು ನನ್ನದೇ ತೋಳಾಗುತ್ತದೆ ಎಂದು ಯಾರು ಕಂಡಿದ್ದರು?

ಮೇ ಮೊದಲ ವಾರ ಪಟ್ಟಿ ಬಿಚ್ಚಿದರು. ತೋಳು ನೋಡಿ ಗಾಬರಿಯಾಯಿತು. ಕಬಡ್ಡಿ ಆಡಿ ಕಟ್ಟಿದ್ದ ಮಾಂಸವೆಲ್ಲ ಕರಗಿ ಬೆಂಡೇಕಾಯಿ ಆಗಿತ್ತು. ಫಿಸಿಯೊ ಮೇಡಂ ಎರಡು ಹೊಸ ವ್ಯಾಯಾಮ ಕೊಟ್ಟರು. ಒಂದು ರಾಟೆ: ಬಾಗಿಲ ಮೇಲೆ ರಾಟೆ ಕಟ್ಟಿ, ಹಗ್ಗದ ಒಂದು ತುದಿ ಒಳ್ಳೆಯ ಕೈಗೆ, ಇನ್ನೊಂದು ಪೆಟ್ಟಾದ ಕೈಗೆ. ಒಳ್ಳೆಯ ಕೈ ಕೆಳಗೆ ಎಳೆದಷ್ಟೂ ಪೆಟ್ಟಾದ ಕೈ ಮೇಲಕ್ಕೆ ಹೋಗುತ್ತದೆ. ಇನ್ನೊಂದು ಗೋಡೆ: ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸುವುದು. ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ, ಪಕ್ಕದಲ್ಲಿ ತಾರೀಖು.

ಮೊದಲ ಗೆರೆ ನನ್ನ ಎದೆಮಟ್ಟಕ್ಕೂ ಬರಲಿಲ್ಲ. ಮೂರನೇ ದಿನಕ್ಕೆ ಎರಡು ಬೆರಳಗಲ ಮೇಲೆ. ಒಂದು ದಿನ ಕೆಳಗೂ ಇಳಿಯಿತು. ಆ ಹೊತ್ತಿಗೆ ಕ್ಲಾಸ್‌ಮೇಟ್‌ಗಳು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದರು. ಆ್ಯಪ್ಟಿಟ್ಯೂಡ್ ಕೋಚಿಂಗ್ ಸೇರುತ್ತಿದ್ದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೊಂದು ಅಭಿನಂದನೆ. ನನ್ನ ಸಾಧನೆ ಗೋಡೆ ಮೇಲೆ ಎರಡು ಬೆರಳಗಲ. ಮನೆಯಲ್ಲಿ ವರ್ಷ ಹಾಳಾಯಿತು ಎಂದುಕೊಂಡು ಎಷ್ಟೋ ಮಧ್ಯಾಹ್ನ ಗೋಡೆ ಕಡೆ ಮುಖ ಮಾಡಿ ಅತ್ತಿದ್ದೇನೆ. ಈಗ ಬರೆಯುವುದಕ್ಕೆ ಏನೂ ಅನ್ನಿಸುವುದಿಲ್ಲ.

ಆಗೆಲ್ಲ ಅಪ್ಪ ಹೇಳುತ್ತಿದ್ದದ್ದು ಅನಿಲ್ ಕುಂಬ್ಳೆಯ ಕಥೆ. ಕುಂಬ್ಳೆ ನಮ್ಮ ಇದೇ ಮೈಸೂರು ರಸ್ತೆಯ ಆರ್‌.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು. ಅದಾಗಿ ಎರಡು ವರ್ಷಕ್ಕೆಲ್ಲ ಬೌಲಿಂಗ್ ಮಾಡುವ ಬಲ ಭುಜಕ್ಕೇ ಶಸ್ತ್ರಚಿಕಿತ್ಸೆ. ಕೋಲ್ಕತ್ತದಲ್ಲಿ ಲಕ್ಷ್ಮಣ್ 281 ಹೊಡೆದ, ಹರಭಜನ್ ಮೆರೆದ ಆ 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಕುಂಬ್ಳೆ ತಂಡದಲ್ಲೇ ಇರಲಿಲ್ಲ. ಎಲ್ಲರೂ ಕುಂಬ್ಳೆ ಮುಗಿದರು ಅಂದುಕೊಂಡಾಗ ಅದೇ ವರ್ಷದ ಕೊನೆಗೆ ವಾಪಸು ಬಂದು, ಡಿಸೆಂಬರ್‌ನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ 300ನೇ ಟೆಸ್ಟ್ ವಿಕೆಟ್ ಪಡೆದರು. ಒಟ್ಟು 619 ವಿಕೆಟ್. ಅರ್ಧಕ್ಕಿಂತ ಹೆಚ್ಚು ಬಂದದ್ದು ಹೊಲಿದ ಭುಜದಿಂದಲೇ. ‘ನಿಂದೇನು ಮಹಾ, ಪೆನ್ನು ಹಿಡಿಯೋ ಕೈ’ ಎಂದು ಅಪ್ಪ ಕಥೆ ಮುಗಿಸುತ್ತಿದ್ದರು.

ಅಪ್ಪನ ಗೆರೆ

ಮೇ ಮಧ್ಯದ ಒಂದು ಭಾನುವಾರ. ನನ್ನ ಗೆರೆ ಹಣೆಯ ಮಟ್ಟ ದಾಟಿತ್ತು. ಖುಷಿಯಲ್ಲಿ ಅಪ್ಪನನ್ನು ಕರೆದು, ‘ಬನ್ನಿ, ನೀವು ಎಲ್ಲಿಗೆ ಹೋಗ್ತೀರಾ ನೋಡೋಣ. ಇಬ್ಬರದೂ ಹೆಚ್ಚೂಕಡಿಮೆ ಒಂದೇ ಎತ್ತರ’ ಅಂದೆ. ಅಪ್ಪ ಬೇಡ ಅಂದರು. ತಂಗಿ ಕೈ ಹಿಡಿದು ಎಳೆದು ತಂದಳು. ಎಡಗೈ ಇಟ್ಟರು. ‘ಬಲಗೈ ಅಪ್ಪ, ಬಲಗೈ’ ಅಂದೆ.

ಅಪ್ಪನ ಬೆರಳು ಗೋಡೆ ಮೇಲೆ ನಡೆಯಿತು. ನನ್ನ ಮೇ ಎಂಟರ ಗೆರೆ ದಾಟಿತು, ಹತ್ತರದು ದಾಟಿತು. ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಲು ಹೋದಾಗ ಇಡೀ ಮೈ ವಾಲಿತು. ‘ಸಾಕು ಬಿಡೋ, ಟೀ ಆರುತ್ತೆ’ ಎಂದು ಕೈ ಇಳಿಸಿದರು.

ಶಸ್ತ್ರಚಿಕಿತ್ಸೆ ಆಗಿ ಎರಡು ತಿಂಗಳೂ ತುಂಬದ ನನ್ನ ಕೈ ಅಪ್ಪನ ಕೈಗಿಂತ ಮೇಲೆ ಹೋಗುತ್ತಿತ್ತು.

ಆಮೇಲೆ ಒಂದೊಂದೇ ನೆನಪಾಯಿತು. ಬಾಗಿಲಿಗೆ ರಾಟೆ ಕಟ್ಟುವಾಗ ಅಪ್ಪ ಸ್ಟೂಲ್ ಹತ್ತಿದವರು ಸುಮ್ಮನೆ ಇಳಿದು, ‘ನೀನೇ ಕಟ್ಟು’ ಎಂದು ಹಗ್ಗವನ್ನು ಅಮ್ಮನ ಕೈಗೆ ಕೊಟ್ಟಿದ್ದರು. ತಲೆ ಬಾಚುವಾಗ ಅವರು ಕೈ ಎತ್ತುವುದಿಲ್ಲ, ತಲೆಯನ್ನೇ ಬಗ್ಗಿಸುತ್ತಾರೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದಿಲ್ಲ, ಸೀಟಿನ ಬೆನ್ನು ಹಿಡಿಯುತ್ತಾರೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನು ನೋಡಿಯೇ ಇರಲಿಲ್ಲ. ಅಮ್ಮನನ್ನು ಕೇಳಿದೆ. ‘ಮೂರು ವರ್ಷ ಆಯ್ತು. ರಾತ್ರಿ ಆ ಮಗ್ಗುಲಿಗೆ ಮಲಗಲ್ಲ. ಮುಲಾಮು ಹಚ್ಕೊಡ್ತೀನಿ. ನಿನಗೆ ಹೇಳ್ಬೇಡ ಅಂದಿದ್ರು’ ಅಂದಳು.

ಟೊಯೊಟಾ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದದ್ದು 1999ರ ಡಿಸೆಂಬರ್‌ನಲ್ಲಿ. ಅದರ ಸುತ್ತ ಬಿಡಿಭಾಗದ ಘಟಕಗಳು ಬಂದವು. ಅಪ್ಪ ಊರು ಬಿಟ್ಟು ಬಂದದ್ದು ಅದಾದ ಕೆಲವು ವರ್ಷಕ್ಕೆ. ಈ ಪ್ರದೇಶದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ, ಕಾಂಟ್ರಾಕ್ಟ್ ಕೆಲಸಗಾರ. ಬಣ್ಣ ಹಾಕುವ ಸಾಲಿನಲ್ಲಿ ತಲೆಯ ಮೇಲೆ ಕೊಕ್ಕೆಗಳು ಸರಿಯುತ್ತಿರುತ್ತವೆ. ಟ್ರಾಲಿಯಿಂದ ಭಾಗ ತೆಗೆದು ಕೊಕ್ಕೆಗೆ ಸಿಕ್ಕಿಸುವುದು ಅವರ ಕೆಲಸ. ಒಂದೊಂದು ಭಾಗ ಎಷ್ಟು ಭಾರ ಎಂದು ಕೇಳಿದೆ. ‘ಆರು ಕೇಜಿ ಇರ್ಬೋದು.’ ಶಿಫ್ಟಿಗೆ ಎಷ್ಟು? ‘ಎಂಟ್ನೂರು.’ ನೋಟ್‌ಬುಕ್‌ನಲ್ಲಿ ಗುಣಿಸಿದೆ: 4,800 ಕೆ.ಜಿ. ದಸರಾ ಆನೆಯೊಂದರ ತೂಕಕ್ಕೆ ಹತ್ತಿರ. ಅಪ್ಪ ದಿನಕ್ಕೊಂದು ಆನೆಯನ್ನು ತಲೆ ಮೇಲಕ್ಕೆ ಎತ್ತುತ್ತಿದ್ದಾರೆ. ಸಂಜೆ ಬಂದು ನನಗೆ ಕುಂಬ್ಳೆ ಕಥೆ ಹೇಳುತ್ತಿದ್ದಾರೆ.

ಗೇಟಿನಲ್ಲಿ ನಿಂತವನು

‘ನೀವೂ ಡಾಕ್ಟರಿಗೆ ತೋರಿಸಿ’ ಅಂದೆ. ಅಪ್ಪ ಒಪ್ಪಲಿಲ್ಲ. ‘ಡಾಕ್ಟರು ರೆಸ್ಟ್ ಅಂತಾರೆ. ಮೂರು ದಿನ ರಜಾ ಹಾಕಿದ್ರೆ ಕಾಂಟ್ರಾಕ್ಟರ್ ನಾಲ್ಕನೇ ದಿನ ಬೇರೆಯವನನ್ನ ನಿಲ್ಲಿಸ್ತಾನೆ. ಕುಂಬ್ಳೆಗಾದ್ರೆ ಟೀಮ್ ಕಾಯ್ತು ಕಣಪ್ಪ.’

ಮನೆಯಲ್ಲಿ ಕೂತವನಿಗೆ ಸಮಯ ಇತ್ತು. ಫೋನ್ ಹಿಡಿದು ಇಎಸ್‌ಐ ಬಗ್ಗೆ ಓದತೊಡಗಿದೆ. ಪರೀಕ್ಷೆಗೂ ಅಷ್ಟು ಓದಿಲ್ಲ. ನಮ್ಮ ಬೀದಿಯ ಬಹುತೇಕರ ಸಂಬಳ ಚೀಟಿಯಲ್ಲಿ ಇಎಸ್‌ಐ ಕಡಿತ ಇದ್ದೇ ಇರುತ್ತದೆ. ಅದರ ಅರ್ಥ ನನಗೂ ಗೊತ್ತಿರಲಿಲ್ಲ, ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಆ ಕಾರ್ಡ್ ಇರಬಹುದು. ನಾಳೆ ಕೆಲಸಕ್ಕೆ ಸೇರುವ ನಿಮಗೂ ಬರಬಹುದು. ಅದಕ್ಕೇ ಬರೆಯುತ್ತೇನೆ.

ಆಗಿನ ಕಾಯ್ದೆ 1948ರದು. ಯೋಜನೆ ಶುರುವಾದದ್ದು 1952ರ ಫೆಬ್ರುವರಿ 24ರಂದು, ಕಾನ್ಪುರ ಮತ್ತು ದೆಹಲಿಯಲ್ಲಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕೆಲಸಗಾರನ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25. ಅಪ್ಪನ 17,200 ರೂಪಾಯಿ ಸಂಬಳದಲ್ಲಿ ಕಡಿತ 129 ರೂಪಾಯಿ. ಇದರಲ್ಲಿ ಕೆಲಸಗಾರನಷ್ಟೇ ಅಲ್ಲ, ಕುಟುಂಬಕ್ಕೂ ಚಿಕಿತ್ಸೆ. ಓದುತ್ತಿರುವ, ಪೂರ್ತಿ ಅಪ್ಪನ ದುಡಿಮೆಯನ್ನೇ ನಂಬಿದ ಮಗನಿಗೆ 21 ತುಂಬುವವರೆಗೆ. ನನಗೆ ಆ ಡಿಸೆಂಬರ್‌ಗೆ 21. ಕಬಡ್ಡಿಯಲ್ಲಿ ಒಂದು ವರ್ಷ ತಡವಾಗಿ ಬಿದ್ದಿದ್ದರೆ ಆ ಕಾರ್ಡಿನಿಂದ ನನಗೆ ಶಸ್ತ್ರಚಿಕಿತ್ಸೆ ಆಗುತ್ತಿರಲಿಲ್ಲ.

ಇನ್ನೂ ಇದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಕೆಲಸ ಮಾಡುವಾಗ ಪೆಟ್ಟಾದರೆ ಶೇ 90. ಮುಖ್ಯವಾದದ್ದು ಆಗಿನ ಕಾಯ್ದೆಯ 73ನೇ ಸೆಕ್ಷನ್: ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸಗಾರನನ್ನು ಕೆಲಸದಿಂದ ತೆಗೆಯುವ ಹಾಗಿರಲಿಲ್ಲ. ಇದನ್ನೆಲ್ಲ ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟೆ. ಬಲಗೈಯಲ್ಲೇ ಬರೆದಿದ್ದೆ, ಅಕ್ಷರ ಸೊಟ್ಟಗಿದ್ದವು.

ಅಪ್ಪ ಪೂರ್ತಿ ಓದಿದರು. ‘ಕಾನೂನು ಪುಸ್ತಕದಲ್ಲಿ ಇರುತ್ತೆ ಮಗ. ಕಾಂಟ್ರಾಕ್ಟರ್ ಗೇಟಲ್ಲಿ ನಿಂತಿರ್ತಾನೆ’ ಅಂದರು.

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಕೊಟ್ಟವಳು ಅಮ್ಮ. ‘ಈಗ ಭುಜದವರೆಗೆ ಏಳುತ್ತೆ. ಮುಂದಿನ ವರ್ಷ ಅಷ್ಟೂ ಏಳದೇ ಹೋದ್ರೆ ಆಗ ಕಾಂಟ್ರಾಕ್ಟರ್ ಕರೆದು ಕೆಲಸ ಕೊಡ್ತಾನಾ?’

ಇಬ್ಬರಿಗೂ ಒಂದೇ ರಾಟೆ

ಮೇ ಕೊನೆಯಲ್ಲಿ ನನ್ನ ಚೆಕಪ್. ಬಿಡದಿಯಿಂದ ಕೆಂಗೇರಿಗೆ ಬಸ್, ಅಲ್ಲಿಂದ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ರಾಜಾಜಿನಗರ. ಅಪ್ಪನೂ ಬಂದರು. ಸಾಲಿನಲ್ಲಿ ನಿಂತಾಗ ಎರಡು ಸಲ ‘ನಾನು ಹೊರಗಡೆ ಇರ್ತೀನಿ’ ಅಂದರು. ನಾನು ಅವರ ಪರ್ಸ್ ಇಸಕೊಂಡೆ.

ಡಾಕ್ಟರ್ ನನ್ನ ಕೈ ನೋಡಿದ ಮೇಲೆ ಅಪ್ಪನದನ್ನು ನೋಡಿದರು. ಲೋಟದಿಂದ ನೀರು ಚೆಲ್ಲುವವರ ಹಾಗೆ ಹೆಬ್ಬೆರಳು ಕೆಳಗೆ ಮಾಡಿ ಕೈ ಮುಂದೆ ಚಾಚಿ ಅಂದರು. ಮೇಲಿಂದ ಎರಡು ಬೆರಳಲ್ಲಿ ಒತ್ತಿದರು. ದಿನಕ್ಕೆ ಎಂಟುನೂರು ಸಲ ಆರು ಕೆ.ಜಿ. ಎತ್ತುವ ಕೈ ಎರಡು ಬೆರಳ ಭಾರಕ್ಕೆ ಬಿತ್ತು. ಅಪ್ಪನ ಮುಖ ನೋಡಲಾಗದೆ ನಾನು ಗೋಡೆಯ ಮೇಲಿನ ಚಾರ್ಟ್ ಓದಿದೆ.

ಸ್ಕ್ಯಾನ್‌ನಲ್ಲಿ ಕಂಡದ್ದು ಅರ್ಧ ಹರಿತ. ಪೂರ್ತಿ ಕಿತ್ತಿಲ್ಲ. ಸದ್ಯ ಹೊಲಿಯುವುದು ಬೇಡ, ಫಿಸಿಯೊಥೆರಪಿ, ಮೂರು ವಾರ ವಿಶ್ರಾಂತಿ, ಆಮೇಲೂ ಭುಜದ ಮಟ್ಟಕ್ಕಿಂತ ಮೇಲೆ ಭಾರ ಎತ್ತುವಂತಿಲ್ಲ ಎಂದು ಬರೆದುಕೊಟ್ಟರು. ಒಂದೇ ದಿನ ಬಿದ್ದ ಪೆಟ್ಟಲ್ಲ, ವರ್ಷಗಳ ಸವೆತ. ಹಾಗಾಗಿ ಕೆಲಸದ ಪೆಟ್ಟಿನ ಶೇ 90 ಸಿಗಲಿಲ್ಲ, ಕಾಯಿಲೆಯ ಶೇ 70 ಸಿಕ್ಕಿತು. ಮೊದಲ ಎರಡು ದಿನಕ್ಕೆ ಹಣ ಇಲ್ಲ. ಉಳಿದ ದಿನಗಳಿಗೆ ಏಳೂವರೆ ಸಾವಿರ ಚಿಲ್ಲರೆ ಖಾತೆಗೆ ಬಂತು. ತಂಗಿಯ ಕಾಲೇಜಿನ ಕಂತು ಒಂದು ತಿಂಗಳು ತಡವಾಯಿತು. ಅದನ್ನೂ ಹೇಳಿಬಿಡುತ್ತೇನೆ. ರಜೆ ಪುಕ್ಕಟೆ ಬರುವುದಿಲ್ಲ.

ಆ ಮೂರು ವಾರ ನಮ್ಮ ಮನೆಯಲ್ಲಿ ಹಗಲು ಹೊತ್ತು ಇಬ್ಬರು ಗಂಡಸರು. ಬಾಗಿಲಿನ ರಾಟೆ ಇಬ್ಬರಿಗೂ ಒಂದೇ. ಬೆಳಿಗ್ಗೆ ನನ್ನದು ಮೊದಲು, ಸಂಜೆ ಅವರದು. ಗೋಡೆ ಮೇಲೆ ಎರಡು ಸಾಲು ಗೆರೆ. ಅಪ್ಪ ವ್ಯಾಯಾಮದಲ್ಲಿ ಮೋಸ ಮಾಡುತ್ತಿದ್ದರು. ಹತ್ತು ಸಲ ಅಂದರೆ ಏಳಕ್ಕೆ ನಿಲ್ಲಿಸುತ್ತಿದ್ದರು. ‘ಕುಂಬ್ಳೆ ಹೀಗೆ ಮಾಡಿದ್ರಾ?’ ಅಂತಿದ್ದೆ. ಪಕ್ಕದ ಮನೆಯ ಒಡಿಶಾದ ಅಣ್ಣನೊಬ್ಬ ನೈಟ್ ಶಿಫ್ಟ್ ಮುಗಿಸಿ ಬಂದವನು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ. ಏನೂ ಮಾತಾಡದೆ ಒಳಗೆ ಬಂದು ತಾನೂ ಗೋಡೆಗೆ ಬೆರಳು ಇಟ್ಟ. ಅವನದೂ ಪೂರ್ತಿ ಹೋಗಲಿಲ್ಲ. ಅವನ ಜೇಬಿನಲ್ಲೂ ಕಾರ್ಡ್ ಇತ್ತು.

ಅಪ್ಪ ವಾಪಸು ಕೆಲಸಕ್ಕೆ ಹೋದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಕೊಕ್ಕೆಯ ಸಾಲಿನಲ್ಲಿ ಬೇರೆಯವನನ್ನು ನಿಲ್ಲಿಸಿದ್ದರಂತೆ. ಅಪ್ಪ ಡಾಕ್ಟರ ಚೀಟಿ ತೋರಿಸಿದರು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಪ್ಯಾಕಿಂಗ್‌ಗೆ ಹಾಕಿದರು. ಸಂಬಳ ಅಷ್ಟೇ, ಓವರ್‌ಟೈಮ್ ಇಲ್ಲ. ಕೊಕ್ಕೆ ಸಾಲಿಗೆ ಬಂದ ಹುಡುಗನಿಗೆ ಇಪ್ಪತ್ತೆರಡು ವರ್ಷ, ಐಟಿಐ ಮುಗಿಸಿದವನು ಎಂದು ಅಪ್ಪ ಹೇಳಿದರು. ‘ಅವನಿಗೆ ಹೇಳಿದೀನಿ, ಟ್ರಾಲಿ ಕೆಳಗೆ ಒಂದು ಪ್ಯಾಲೆಟ್ ಇಟ್ಕೊ, ನೀನೂ ಹಲಗೆ ಮೇಲೆ ನಿಂತ್ಕೊ, ಕೈ ಅಷ್ಟು ಎತ್ತೋದು ತಪ್ಪುತ್ತೆ ಅಂತ. ನನಗೆ ಇಷ್ಟು ವರ್ಷ ಹೊಳೀಲಿಲ್ಲ ನೋಡು.’

ನಾನು ಜುಲೈನಲ್ಲಿ ಪರೀಕ್ಷೆ ಬರೆದೆ. ಮೂರು ಗಂಟೆ ಬರೆಯುವಷ್ಟು ಕೈ ಬಲಿತಿರಲಿಲ್ಲ. ಪ್ರತಿ ಅರ್ಧ ಗಂಟೆಗೆ ಪೆನ್ನು ಕೆಳಗಿಟ್ಟು ಭುಜ ಇಳಿಬಿಡುತ್ತಿದ್ದೆ. ಒಂದು ಸಬ್ಜೆಕ್ಟ್ ಉಳಿಯಿತು. ಬ್ಯಾಕ್‌ಲಾಗ್ ಇದ್ದವರನ್ನು ಮೊದಲ ಸುತ್ತಿನ ಕಂಪನಿಗಳು ಕೂರಿಸಲಿಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೇ ತಿಂಗಳಲ್ಲಿ ಗೋಡೆ ಕಡೆ ಮುಖ ಮಾಡಿ ಅತ್ತ ಹಾಗೆ ಅಳಲಿಲ್ಲ. ಎರಡು ಬೆರಳಗಲ ಎಂದರೆ ಎಷ್ಟು ದೂರ ಎಂದು ಈಗ ಗೊತ್ತಿದೆ.

ಮುಂದಿನ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ಗೈಡ್ ಬಳಿ ಒಂದು ವಿಷಯ ಕೊಟ್ಟಿದ್ದೇನೆ: ಕೊಕ್ಕೆಯ ಸಾಲಿನ ಪಕ್ಕ ಇಡಬಹುದಾದ, ಕಾಲಿನಿಂದ ಒತ್ತಿದರೆ ಟ್ರಾಲಿಯನ್ನು ಎದೆಮಟ್ಟಕ್ಕೆ ಏರಿಸುವ ಸಣ್ಣ ಲಿಫ್ಟ್. ಹೊಸದೇನಲ್ಲ, ಇಂಥವು ಮಾರುಕಟ್ಟೆಯಲ್ಲಿವೆ. ಅಪ್ಪ ಇರುವಂಥ ಘಟಕಕ್ಕೆ ಕೈಗೆಟಕುವ ಬೆಲೆಯಲ್ಲಿ ಮಾಡಬಹುದೇ ಎಂಬುದಷ್ಟೇ ಪ್ರಶ್ನೆ. ಸರ್ ‘ಮಾರ್ಕೆಟ್ ಸರ್ವೆ ಮಾಡಿದೀಯಾ?’ ಅಂದರು. ಮಾಡಿದ್ದೇನೆ ಸರ್ ಅಂದೆ. ಗೋಡೆಯ ಫೋಟೊ ತೋರಿಸಲಿಲ್ಲ.

ಮನೆ ಮಾಲೀಕರು ದೀಪಾವಳಿಗೆ ಸುಣ್ಣ ಹೊಡೆಸಿದರು. ಆ ಗೋಡೆಗೂ ಹೊಡೆಯಲು ಬಂದವರನ್ನು ಅಮ್ಮ ತಡೆದು, ‘ಇದೊಂದು ಮೂಲೆ ಬಿಟ್ಬಿಡಿ’ ಅಂದಳು. ನನ್ನ ಗೆರೆಗಳು ಕೈ ಪೂರ್ತಿ ಚಾಚಿದಷ್ಟು ಎತ್ತರಕ್ಕೆ ಹೋಗಿ ನಿಂತಿವೆ. ಅಪ್ಪನದು ಕಿವಿಯ ಮಟ್ಟದಲ್ಲಿದೆ. ನಿನ್ನೆ ರಾತ್ರಿ ಶಿಫ್ಟ್ ಮುಗಿಸಿ ಬಂದು, ಯಾರೂ ಹೇಳದೆ, ರಾಟೆ ಎಳೆಯುತ್ತಿದ್ದರು. ಎಣಿಸುತ್ತಿದ್ದೆ. ಹತ್ತಕ್ಕೆ ನಿಲ್ಲಿಸಿದರು.